ಕಣ್ಣಿಗೊತ್ತಿಕೊಂಡ ಬಿಸ್ಕತ್ತು

ಎಲ್ಲಕ್ಕೂ ಮೂಲ ಎರಡು ಚಮಚ ಇಸಬ್‌ಗೋಲು. ಹೊಟ್ಟೆ ಕಟ್ಟಿದವರು ಮಲಗುವ ಮುಂಚೆ ಬಿಸಿನೀರಿಗೆ ಹಾಕಿ ಕುಡಿಯುವ ಈ ಹೊಟ್ಟು ದೀಪಾವಳಿಯ ತಿಂಡಿಯೊಳಗೆ ಹೇಗೆ ಸೇರಿತು ಎಂದರೆ, ಅದಕ್ಕೆ ದಕ್ಷಿಣಾಮೂರ್ತಿಯವರ ರಕ್ತವೇ ಹೊಣೆ.

ಮೂರು ತಿಂಗಳ ಹಿಂದೆ ಆ ರಕ್ತದಲ್ಲಿ ಸಕ್ಕರೆ ಇದೆಯೆಂದು ಡಾಕ್ಟರು ಸಾರಿದ್ದೇ ತಡ, ಮಯೂರ್ ವಿಹಾರದ ಅವರ ಫ್ಲಾಟಿನಿಂದ ಸಕ್ಕರೆ ಡಬ್ಬಿ ಗಡೀಪಾರಾಯಿತು. ನವರಾತ್ರಿಯ ಹೊತ್ತಿಗೆ ಹೆಂಡತಿ ಉಷಾ ಇನ್ನೂ ಮುಂದೆ ಹೋಗಿ, "ನಿಮ್ಮ ಸಕ್ಕರೆ ಇಳಿಯೋವರೆಗೂ ನನಗೂ ಸಿಹಿ ಬೇಡ. ವ್ರತ ಹಿಡಿದಿದ್ದೀನಿ," ಎಂದುಬಿಟ್ಟರು. ದಕ್ಷಿಣಾಮೂರ್ತಿಯವರು ಅಲ್ಲಿನ ಕನ್ನಡಿಗರ ಭಾನುವಾರದ ಕಾವ್ಯವಾಚನಕ್ಕೆ ಬಂದವರಿಗೆಲ್ಲ, "ಇಂಥ ಪತಿವ್ರತೆಯರ ಕತೆ ಕೇಳಿದ್ದೆ, ಈಗ ಮನೆಯಲ್ಲೇ ನೋಡ್ತಿದ್ದೀನಿ," ಎಂದು ಹೇಳಿಕೊಂಡು ತಿರುಗಿದರು. ಅಂಥ ಸಾಧ್ವಿಯ ಗಂಡ ಕಚೇರಿಯ ಕ್ಯಾಂಟೀನಿನಲ್ಲಿ ಜಿಲೇಬಿ ಕಂಡಾಗಲೆಲ್ಲ ಕಣ್ಣು ಮುಚ್ಚಿಕೊಂಡು ಮೂಗನ್ನು ಮಾತ್ರ ತೆರೆದಿಟ್ಟುಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ಹಬ್ಬಕ್ಕೆಂದು ಕಾಲೇಜು ಓದುವ ಮಗಳು ಪ್ರಕೃತಿ ಇಂಟರ್‌ನೆಟ್ಟಿನಿಂದ ಒಂದು ಬಿಸ್ಕತ್ತನ್ನು ಹುಡುಕಿ ತೆಗೆದಳು. "ಪಪ್ಪಾ, ಇದರಲ್ಲಿ ಮೈದಾ ನಹೀ, ಶುಗರ್ ನಹೀ. ಲೋ ಕಾರ್ಬ್!" ಬಾದಾಮಿ ಪುಡಿ, ಅಗಸೆ ಬೀಜದ ಪುಡಿ, ತುಪ್ಪ, ಏಲಕ್ಕಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಸಕ್ಕರೆಯಲ್ಲದ ಸಿಹಿಪುಡಿ. ಹಿಟ್ಟೇ ಇಲ್ಲದ ಮೇಲೆ ಇವೆಲ್ಲ ಒಂದಕ್ಕೊಂದು ಅಂಟಿಕೊಳ್ಳಬೇಕಲ್ಲ, ಅದಕ್ಕೆ ಇಸಬ್‌ಗೋಲು.

ಉಷಾ ಕರಾರು ಹಾಕಿದರು. "ತಿಂದ ಮೇಲೆ ಪ್ರಕೃತಿ ಬೆರಳು ಚುಚ್ಚಿ ಮಿಷಿನ್ನಲ್ಲಿ ನೋಡ್ತಾಳೆ. ಸಕ್ಕರೆ ಏರಲಿಲ್ವೋ, ದಿನಾ ಸಾಯಂಕಾಲ ಕಾಫಿ ಜೊತೆ ಎರಡು. ಏರಿತೋ, ಡಬ್ಬ ಗೇಟಿನ ಗಾರ್ಡಿಗೆ. ಆಮೇಲೆ ಈ ಮನೇಲಿ ಸಿಹಿ ಅನ್ನೋ ಮಾತೇ ಎತ್ತಬಾರದು."

ಮನೆಯಲ್ಲಿ ಓವನ್ ಇಲ್ಲ. ಇರಬೇಕಾಗಿಯೂ ಇಲ್ಲ. ಹಬ್ಬ ಬಂತೆಂದರೆ ಆ ಬಡಾವಣೆಯವರೆಲ್ಲ ಹಿಟ್ಟು, ತುಪ್ಪ, ಸಕ್ಕರೆ ಹೊತ್ತುಕೊಂಡು ಮಾರ್ಕೆಟ್ಟಿನ ಹಿಂದಿರುವ ಕಿಶನ್‌ನ ಭಟ್ಟಿಗೆ ಹೋಗುತ್ತಾರೆ. ಅವನು ಎದುರಿಗೇ ಕಲಸಿ, ಬೇಯಿಸಿ, ಡಬ್ಬಕ್ಕೆ ತುಂಬಿ ಕೊಡುತ್ತಾನೆ. ನಮ್ಮ ತುಪ್ಪ ಇನ್ನೊಬ್ಬರ ಬಿಸ್ಕತ್ತಿಗೆ ಹೋಗದಂತೆ ಪಕ್ಕದಲ್ಲೇ ನಿಂತು ಕಾಯಬೇಕು, ಅಷ್ಟೆ.

"ಕಾಯೋದೊಂದೇ ನಿಮ್ಮ ಕೆಲಸ," ಎಂದರು ಉಷಾ. "ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕ್ಕೊಂಡೀರಿ."

"ಛೆ ಛೆ! ನನಗಷ್ಟೂ ತಿಳಿಯಲ್ವೇನೆ?"

ಹಬ್ಬದ ಮುನ್ನಾದಿನ ಮಧ್ಯಾಹ್ನ ಭಟ್ಟಿಯ ಮುಂದೆ ಡಬ್ಬಗಳದ್ದೇ ಸಾಲು. ಕಿಶನ್ ಇವರ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಕೊನೆಯದನ್ನು ಬೆರಳಲ್ಲಿ ತಿಕ್ಕಿ ನೋಡಿ, ನಿಂತುಬಿಟ್ಟ.

"ಅಂಕಲ್‌ಜೀ, ಯೇ ತೋ ಇಸಬ್‌ಗೋಲ್ ಹೈ!"

ಇಡೀ ಸಾಲು ಕತ್ತು ಚಾಚಿತು. ಎದುರು ಫ್ಲಾಟಿನ ಚಡ್ಢಾ ಆಂಟಿ ಕೇಳಿಯೇಬಿಟ್ಟರು. "ಭಾಯ್‌ಸಾಬ್, ಆಪ್ ಮದ್ರಾಸೀ ಲೋಗ್ ದೀವಾಲೀ ಪರ್ ಯೇ ಖಾತೇ ಹೋ?"

"ಮದ್ರಾಸೀ ನಹೀ ಜೀ, ಕರ್ನಾಟಕ!" ಎಂದು ಭೂಗೋಳ ತಿದ್ದಲು ಹೋದ ದಕ್ಷಿಣಾಮೂರ್ತಿಯವರು, ಹಬ್ಬಕ್ಕೆ ಇಸಬ್‌ಗೋಲು ತಿನ್ನುವ ಪದ್ಧತಿಯನ್ನು ಇಡೀ ಕರ್ನಾಟಕದ ತಲೆಗೆ ಕಟ್ಟಿದಂತಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡರು. ಕೊನೆಗೆ ನಾಡಿನ ಮಾನ ಉಳಿಸಲು, ತಮಗೆ ಶುಗರ್ ಇದೆಯೆಂದು ಒಪ್ಪಿಕೊಳ್ಳಬೇಕಾಯಿತು. ಸಾಲಿನಲ್ಲಿ ನಗು ನಿಂತು ಕರುಣೆ ಹರಿಯಿತು. ನಗುವೇ ವಾಸಿಯಿತ್ತು.

ಭಟ್ಟಿಯ ಬಾಯಿಯ ಮೇಲೆ ಮಸಿ ಹಿಡಿದು ಕಪ್ಪಾದ ದೇವರ ಪಟವೊಂದಿತ್ತು. ಯಾವ ದೇವರೆಂದು ಹೇಳುವುದು ಕಷ್ಟವಾದ್ದರಿಂದ, ತಮ್ಮ ಮನೆದೇವರೇ ಎಂದುಕೊಂಡು ಅವರು ಕೈಮುಗಿದಿದ್ದರು. ಪ್ರತಿ ಟ್ರೇ ಹೊರಬಂದಾಗಲೂ ಮೊದಲ ಹಿಡಿ ಬಿಸ್ಕತ್ತನ್ನು ಆ ಪಟದ ಮುಂದಿಟ್ಟು, ಕಾಯುತ್ತಿದ್ದವರಿಗೆ ಹಂಚುವುದು ಅಲ್ಲಿನ ರೂಢಿ.

"ಲೋ ಜೀ, ಪ್ರಸಾದ್!" ಬಿಸಿಬಿಸಿ ಬಿಸ್ಕತ್ತೊಂದು ಅಂಗೈಗೆ ಬಂದು ಕೂತಿತು. "ಪ್ರಸಾದ್ ಸೇ ಶುಗರ್ ನಹೀ ಬಢ್ತಾ, ಅಂಕಲ್‌ಜೀ."

ಪ್ರಸಾದದಿಂದ ಸಕ್ಕರೆ ಏರುವುದಿಲ್ಲವಂತೆ! ಬೇಡವೆನ್ನಲು ಬಾಯಿ ತೆರೆದರು. ಆದರೆ ಪ್ರಸಾದವನ್ನು ಬೇಡವೆಂದವರ ಗತಿ ಏನಾಯಿತೆಂದು ಎಳವೆಯಿಂದ ಕಾವ್ಯವಾಚನದ ಎಷ್ಟೊಂದು ರಾಗಗಳಲ್ಲಿ ಕೇಳಿದವರು ಅವರು! ತೆರೆದ ಬಾಯನ್ನು ಸುಮ್ಮನೆ ಮುಚ್ಚುವುದೇಕೆ? ಕಣ್ಣಿಗೊತ್ತಿಕೊಂಡರು, ಬಾಯಿಗೆ ಹಾಕಿಕೊಂಡರು. ಮೂರು ತಿಂಗಳಿಂದ ಬೀಗ ಬಿದ್ದಿದ್ದ ಮನೆಯಲ್ಲಿ ದೀಪ ಹತ್ತಿದಂತಾಯಿತು.

ಎರಡನೆಯ ಟ್ರೇ ಕೊಬ್ಬರಿಯದು. ಒಬ್ಬರ ಪ್ರಸಾದ ತೆಗೆದುಕೊಂಡು ಇನ್ನೊಬ್ಬರದನ್ನು ಬಿಟ್ಟರೆ ಪಕ್ಷಪಾತ. ಮೂರನೆಯದರ ಮೇಲೆ ಸಕ್ಕರೆ ಹರಳು ಮಂಜಿನಂತೆ ಕೂತಿತ್ತು. ಭಕ್ತಿ ಏರುತ್ತಾ ಹೋಯಿತು. ಮುಂದಿನ ಟ್ರೇ ತುಸು ತಡವಾದಾಗ ಅವರೇ ಆಸೆಗಣ್ಣಿನಿಂದ ಪಟದ ಕಡೆ ನೋಡತೊಡಗಿದರು. ಕಡೆಗೆ ಚಡ್ಢಾ ಆಂಟಿ ತಮ್ಮ ನಾನ್‌ಖಟಾಯಿ ಬಿಸ್ಕತ್ತನ್ನು ಪಟಕ್ಕೆ ತೋರಿಸುವಷ್ಟೂ ತಾಳ್ಮೆಯಿಲ್ಲದೆ ನೇರವಾಗಿ ಇವರ ಕೈಗಿಟ್ಟರು. ಅದು ಪ್ರಸಾದವಲ್ಲ. ದಕ್ಷಿಣಾಮೂರ್ತಿಯವರು ಒಂದು ಗಳಿಗೆ ಧರ್ಮಸಂಕಟಕ್ಕೆ ಸಿಕ್ಕರು. ಆಮೇಲೆ ಅದನ್ನೂ ಕಣ್ಣಿಗೊತ್ತಿಕೊಂಡು ತಾವೇ ಪ್ರಸಾದ ಮಾಡಿಕೊಂಡರು.

ಸಂಜೆ ಡಬ್ಬ ಹೊತ್ತು ಬಂದವರನ್ನು ಉಷಾ ಬಾಗಿಲಲ್ಲೇ ತಡೆದರು. "ಬಾಯಿಗೆ ಹಾಕ್ಕೊಳ್ಳಲಿಲ್ಲ ತಾನೆ?"

"ನಮ್ಮ ಬಿಸ್ಕತ್ತಿನಲ್ಲಿ ಒಂದು ಚೂರೂ ಮುಟ್ಟಿಲ್ಲ. ದೇವರಾಣೆ!" ಎಂದರು. ಇಷ್ಟು ಅಪ್ಪಟ ಸತ್ಯ ಹೇಳಿ ಅವರಿಗೂ ಬಹಳ ದಿನವಾಗಿತ್ತು.

ಆ ಸಂಜೆಯೇ ದೀಪ ಹಚ್ಚಿ ನೈವೇದ್ಯವಾಯಿತು. ದಕ್ಷಿಣಾಮೂರ್ತಿಯವರು ಎರಡು ತಿಂದರು. ಮೊದಲು ಮರಳು ಅಗಿದಂತಿತ್ತು, ಆಮೇಲೆ ಏಲಕ್ಕಿ ಕೈಹಿಡಿಯಿತು. "ಸಕ್ಕರೆ ಇಲ್ವಲ್ಲ, ನನ್ನ ವ್ರತಕ್ಕೂ ಅಡ್ಡಿಯಿಲ್ಲ," ಎಂದು ಉಷಾ ಒಂದು ತೆಗೆದುಕೊಂಡರು. ಅಡುಗೆಮನೆಗೆ ಹೋಗುವಾಗ ಒಂದು, ಬರುವಾಗ ಒಂದು. "ಪರವಾಗಿಲ್ವೇ, ಚೆನ್ನಾಗೇ ಇದೆ!" ಎನ್ನುತ್ತಿದ್ದರು, ಡಬ್ಬದ ಮುಚ್ಚಳ ಸದ್ದು ಮಾಡುತ್ತಲೇ ಇತ್ತು.

ಸ್ವಲ್ಪ ಹೊತ್ತು ಬಿಟ್ಟು ಪ್ರಕೃತಿ ಅಪ್ಪನ ಬೆರಳು ಚುಚ್ಚಿದಳು. ಮಿಷಿನ್ ಕೀಕ್ ಎಂದಿತು.

"ಪಪ್ಪಾ! ಥ್ರೀ ಟ್ವೆಲ್ವ್! ಯೇ ಕೈಸೇ?"

ಮುನ್ನೂರ ಹನ್ನೆರಡು! ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಡಬ್ಬ ಹೋಗುತ್ತದೆ. ಡಬ್ಬ ಹೋದರೆ ಹೋಗಲಿ ಎಂದುಕೊಂಡ ದಕ್ಷಿಣಾಮೂರ್ತಿಯವರು ಪಾಪದ ಕಿಶನ್‌ನನ್ನು ಹಿಡಿದುಕೊಂಡರು.

"ಆ ಕಿಶನ್ ಸಕ್ಕರೆ ಬೆರೆಸಿಬಿಟ್ಟಿದ್ದಾನೆ ಕಣೆ! ಸಪ್ಪೆ ಆಗುತ್ತೆ ಅಂತ ಕರುಣೆ ಬಂದಿರಬೇಕು ಅವನಿಗೆ. ನಾನು ಅತ್ತ ತಿರುಗಿದಾಗ ಹಾಕಿರ್ತಾನೆ."

ಉಷಾ ಕಿಶನ್‌ನ ವಂಶವನ್ನೆಲ್ಲ ನೆನೆಯುತ್ತಾರೆಂದು ಕಾದರು. ಉಷಾ ಬಿಳಿಚಿಕೊಂಡು ಸೋಫಾದ ಮೇಲೆ ಕುಸಿದರು.

"ಸಕ್ಕರೆ ಇತ್ತಾ? ಅಯ್ಯೋ, ನಾನು ಏಳು ತಿಂದೆನಲ್ರೀ!"

"ಅದಕ್ಯಾಕೆ ಗಾಬರಿ? ತಿಳಿಯದೆ ವ್ರತ ಮುರಿದರೆ ದೋಷವಿಲ್ಲ ಕಣೆ."

"ವ್ರತದ ಮನೆ ಹಾಳಾಗ! ನವರಾತ್ರಿಯಲ್ಲೇ ಡಾಕ್ಟರು ನನಗೂ ಶುಗರ್ ಇದೆ ಅಂದಿದ್ರು. ನಿಮಗೆ ಹೇಳಿದ್ರೆ ಆಮೇಲೆ ನನ್ನ ಮಾತು ಎಲ್ಲಿ ಕೇಳ್ತೀರ ಅಂತ ವ್ರತ ಅಂದೆ. ಪ್ರಕೃತಿ, ಬೇಗ ನನಗೂ ಚುಚ್ಚೇ!"

ಭಾನುವಾರದ ಸಭೆಯಿಡೀ ದಕ್ಷಿಣಾಮೂರ್ತಿಯವರ ಕಣ್ಣ ಮುಂದೆ ಹಾದುಹೋಯಿತು. "ಹಾಗಾದ್ರೆ ಇಷ್ಟು ದಿನ ನನಗೆ ಸುಳ್ಳು..." ಎಂದು ಎದೆಯುಬ್ಬಿಸುವಷ್ಟರಲ್ಲಿ ಮಿಷಿನ್ ಮತ್ತೆ ಕೀಕ್ ಎಂದಿತು.

"ಮಮ್ಮಿ, ವನ್ ಟ್ವೆಂಟಿ. ಬಿಲ್ಕುಲ್ ನಾರ್ಮಲ್!"

ಏಳು ತಿಂದವರಿಗೆ ಏರದ ಸಕ್ಕರೆ ಎರಡು ತಿಂದವರಿಗೆ ಏರಿದೆ. ತಾಯಿ ಮಗಳು ಇಬ್ಬರೂ ನಿಧಾನವಾಗಿ ಅವರ ಕಡೆ ತಿರುಗಿದರು. ಉಬ್ಬಿದ್ದ ಎದೆ ತಾನಾಗಿಯೇ ಇಳಿಯಿತು.

"ರೀ, ಭಟ್ಟೀಲಿ ಏನು ತಿಂದ್ರಿ?"

"ತಿನ್ನಲಿಲ್ಲ ಕಣೆ. ಪ್ರಸಾದ. ಬೇಡ ಅನ್ನೋಕಾಗುತ್ತಾ?"

"ಎಷ್ಟು ಪ್ರಸಾದ?"

ಅವರು ಬೆರಳು ಮಡಿಸುತ್ತಾ ಹೋದರು. ಒಂದು ಕೈ ಮುಗಿದು ಇನ್ನೊಂದು ಶುರುವಾಯಿತು. "ಕೊನೇದು ನಾನ್‌ಖಟಾಯಿ," ಎಂದು ಪಿಸುಗುಟ್ಟಿದರು.

ಉಷಾ ಡಬ್ಬವನ್ನು ಮಡಿಲಿಗೆಳೆದುಕೊಂಡರು. "ಕರಾರು ಕರಾರೇ. ಸಕ್ಕರೆ ಏರದವರಿಗೆ ಕಾಫಿ ಜೊತೆ ಎರಡು. ಏರಿಲ್ಲದೋಳು ನಾನು. ಗಾರ್ಡಿಗೇನೂ ಕೊಡೋದು ಬೇಡ."

"ಒಂದೇ ಒಂದು? ಇದೂ ದೇವರ ಪ್ರಸಾದ ತಾನೆ ಉಷಾ..."

ಉಷಾ ತುಸು ಯೋಚಿಸಿದರು. ಮುಚ್ಚಳ ತೆಗೆದು ಒಂದು ಬಿಸ್ಕತ್ತನ್ನು ಗಂಡನ ಅಂಗೈ ಮೇಲಿಟ್ಟರು.

"ಕಣ್ಣಿಗೊತ್ತಿಕೊಳ್ಳಿ."

ದಕ್ಷಿಣಾಮೂರ್ತಿಯವರು ಭಕ್ತಿಯಿಂದ ಒತ್ತಿಕೊಂಡರು.

"ಆಯ್ತಲ್ಲ? ಇಲ್ಲಿ ಕೊಡಿ," ಎಂದು ಉಷಾ ಎಂಟನೆಯದನ್ನು ಬಾಯಿಗೆ ಹಾಕಿಕೊಂಡರು.