ಪ್ರೊಸೆಸರ್ ಅಳೆಯುವ ಮಹಾಶಯರಿಗೆ, ಕಾಯ್ಕಿಣಿಯ ಮೂರನೇ ಆಟಗಾರನಿಂದ

'ವೇಗಸಾಕ್ಷಿ' ಯೂಟ್ಯೂಬ್ ಚಾನೆಲ್ಲಿನ ಪ್ರಧಾನ ಪರೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ,

ಬೆನ್ನ ಹಿಂದೆ ನೇರಳೆ ದೀಪ ಹಚ್ಚಿಕೊಂಡು, ಬಿಸ್ಕತ್ತಿನಷ್ಟಗಲದ ಪ್ರೊಸೆಸರ್ ಚಿಪ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಆಟಗಾರರೆಲ್ಲರ ಹಣೆಬರಹ ಓದುವ ತಮಗೆ ದಿವಾಕರ ಮಂಜ ನಾಯ್ಕನ ದೀರ್ಘದಂಡ ನಮಸ್ಕಾರಗಳು. 'ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಲು ಹೊನ್ನಾವರದ ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನದು ಮರೆತಿರುವುದರಿಂದ ಕನ್ನಡದಲ್ಲೇ ಬಿನ್ನವಿಸುತ್ತೇನೆ.

ನನ್ನ ಹೆಂಡತಿ ಸುಮತಿ ತೀರಿಕೊಂಡ ಮೇಲೆ ಅವಳ ತಮ್ಮ ಜಟ್ಟಿಯೂ ಅವನ ಮಗಳು ಧನ್ಯಶ್ರೀಯೂ ತಮ್ಮ ಗುಂಡು ಹಾರಿಸುವ ಕಂಪ್ಯೂಟರ್ ಆಟಕ್ಕೆ ನನ್ನನ್ನು ಮೂರನೆಯವನಾಗಿ ಸೇರಿಸಿಕೊಂಡರು. ಸಂಜೆ ಅವರವರ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡುವುದು. ದಿನದಲ್ಲಿ ನಾನು ಬಾಯಿಬಿಟ್ಟು ಜಗಳಾಡುವುದು ಅದೊಂದೇ ಹೊತ್ತು. ಆದರೆ ನನ್ನ ಕಂಪ್ಯೂಟರಿನಲ್ಲಿ ಯುದ್ಧವು ತುಂಡುತುಂಡಾಗಿ ಬಂದು ತಲುಪುತ್ತಿತ್ತು. "ಭಾವ, ನೀವು ಬರೂದ್ರೊಳಗೆ ನಾವು ಸತ್ತು ಮತ್ತೆ ಹುಟ್ಟಿಯೂ ಆತು!" ಎಂದು ಜಟ್ಟಿ ಹಂಗಿಸುತ್ತಿದ್ದ. ಕುಮಟೆಯಲ್ಲಿ ಪಂದ್ಯ ಗೊತ್ತಾದಾಗಲಂತೂ ಧನ್ಯಶ್ರೀ, "ಮಾವ, ಕಂಪ್ಯೂಟರ್ ಸರಿ ಮಾಡ್ಸ್ಕಳಿ. ಇಲ್ದಿದ್ರೆ ನಿಮ್ಮ ಬದ್ಲು ಶುಕ್ರ," ಎಂದುಬಿಟ್ಟಳು. ಶುಕ್ರ ಎಂದರೆ ನಮ್ಮ ನೆರೆಮನೆಯ ಹುಡುಗ. ಮೀನಿನ ಬೋಟಿಗೆ ಹೋಗುವವ, ಅವನ ಬೆರಳುಗಳು ಸಿಗಡಿಯ ಮೀಸೆಯ ಹಾಗೆ ಒಂದು ಗಳಿಗೆ ಸುಮ್ಮನಿರುವುದಿಲ್ಲ.

ಆಗ ನಾನು ಶರಣು ಬಂದದ್ದು ತಮ್ಮ ಪಾದಕ್ಕೆ. ಪರೀಕ್ಷೆಯಲ್ಲಿ 'ಕಂಪೇರ್ ಅಂಡ್ ಕಾಂಟ್ರಾಸ್ಟ್' ಎಂಬ ಪ್ರಶ್ನೆ ಬಂದಾಗಲೆಲ್ಲ ಬಿಟ್ಟು ಬರುತ್ತಿದ್ದ ನಾನು, ಎರಡು ಕಂಪನಿಗಳ ಪ್ರೊಸೆಸರುಗಳನ್ನು ಹೋಲಿಸುವ ತಮ್ಮ ಕೆಂಪು ಗೀಟು ನೀಲಿ ಗೀಟುಗಳ ಮುಂದೆ ಕನ್ನಡಕ ಒರೆಸಿಕೊಂಡು ಕೂತೆ. ಸೋಮವಾರ ಕೆಂಪಿನದು ಗೆದ್ದಿತು, ಗುರುವಾರ ನೀಲಿಯದು ಗೆದ್ದಿತು, ಭಾನುವಾರ ತಾವು ಗಂಟಲು ಸರಿಮಾಡಿಕೊಂಡು 'ಅದು ಅವರವರ ಅಗತ್ಯಕ್ಕೆ ಬಿಟ್ಟದ್ದು' ಎಂದಿರಿ. ಎಂಥ ಸ್ಥಿತಪ್ರಜ್ಞತೆ! ಒಂದು ಸೆಕೆಂಡಿಗೆ ಇನ್ನೂರು ಚಿತ್ರ ತೋರಿಸುವುದಕ್ಕೂ ಇನ್ನೂರ ಹನ್ನೊಂದು ತೋರಿಸುವುದಕ್ಕೂ ಇರುವ ಅಂತರಕ್ಕೆ ತಾವು ಮರುಗಿದ ರೀತಿ ಕಂಡು, ಒಂದೇ ಕಣ್ಣಿನ ಪೊರೆ ತೆಗೆಸಿರುವ ನನಗೆ ಇನ್ನೊಂದರಲ್ಲೂ ನೀರು ಬಂತು.

ಕಡೆಗೆ ತಾವು ಕಿರೀಟ ತೊಡಿಸಿದ ಪ್ರೊಸೆಸರನ್ನೇ ಭಟ್ಕಳದ ಪರಿಚಯದವರೊಬ್ಬರು ದುಬೈಯಿಂದ ರಜೆಗೆ ಬರುವಾಗ ಖರ್ಜೂರದ ಪೊಟ್ಟಣಗಳ ನಡುವೆ ಬೆಚ್ಚಗೆ ಮಲಗಿಸಿಕೊಂಡು ತಂದುಕೊಟ್ಟರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದರೆ ಅದು ಕೂರಬೇಕಾದ ಗುಳಿಯೇ ಬೇರೆ! ನಮ್ಮ ಕಡೆ ಜಾತಕ ಎಷ್ಟೇ ಕೂಡಿಬಂದರೂ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರದೆ ಮಾತು ಕೊಡುವುದಿಲ್ಲ. ಬಾವಿ, ಬಚ್ಚಲು, ಅತ್ತೆಯ ಮೋರೆ ಎಲ್ಲ ನೋಡಬೇಕು. ತಾವೋ ವರನ ಓಟ, ಬಿಸಿ, ಎದೆಬಡಿತ ಎಲ್ಲವನ್ನೂ ಅಳೆದು, ಅವನು ಯಾವ ಮನೆಯಲ್ಲಿ ಕೂರುತ್ತಾನೆಂಬುದನ್ನು ಮಾತ್ರ ಘನತೆಯಿಂದ ಹೇಳದೆ ಉಳಿದಿರಿ. ವಾಪಸು ಕೊಡೋಣವೆಂದರೆ ಅಂಗಡಿ ಸಮುದ್ರದಾಚೆ.

ಪಂದ್ಯದ ದಿನ ಶುಕ್ರನ ಬೋಟು ಮೀನು ಬಿದ್ದ ಉಮೇದಿನಲ್ಲಿ ಇನ್ನೂ ದಡಕ್ಕೆ ಬಾರದ್ದರಿಂದ, ಬೇರೆ ಗತಿಯಿಲ್ಲದೆ ನನ್ನನ್ನೇ ಕರೆದೊಯ್ದರು. ಅಲ್ಲಿ ನೋಡಿದರೆ ಕಂಪ್ಯೂಟರುಗಳೆಲ್ಲ ಸಂಘಟಕರವೇ, ಒಂದೊಂದರಲ್ಲೂ ತಮ್ಮ ಕಿರೀಟಧಾರಿಯೇ! ಕೂತೆ, ಓಡಿದೆ, ಎಲ್ಲರಿಗಿಂತ ಮೊದಲು ಸತ್ತೆ. ತಮ್ಮ ಶಿಫಾರಸಿನ ಮಹಿಮೆಯನ್ನು ಒಪ್ಪಲೇಬೇಕು: ಮನೆಯಲ್ಲಿ ತಡವರಿಸಿ ಸಾಯುತ್ತಿದ್ದವನು ಅಲ್ಲಿ ಬೆಣ್ಣೆಯ ಹಾಗೆ ನುಣ್ಣಗೆ ಸತ್ತೆ. ಎದ್ದುಹೋಗಲು ಕುರ್ಚಿ ಸರಿಸುತ್ತಿದ್ದೆ, ಅಷ್ಟರಲ್ಲಿ ಧನ್ಯಶ್ರೀ, "ಅಪ್ಪ, ಮಾವನ್ನ ಹೊಡೆದವ ಆ ಗೋಡೆ ಹಿಂದೇ ಇದ್ದ!" ಎಂದು ಕೂಗಿ ಅವನನ್ನು ಮಲಗಿಸಿಬಿಟ್ಟಳು. ಮುಂದಿನ ಆಟಕ್ಕೆ ಅವಳ ಅಪ್ಪಣೆ ಇಷ್ಟೇ: "ಮಾವ, ನೀವು ಸೀದಾ ಮುಂದೆ ಹೋಗಿ ಸಾಯಿರಿ. ಉಳಿದದ್ದು ನಾವು ನೋಡ್ಕಂತೇವೆ." ಹೀಗೆ ನಾನು ಸಾಯುತ್ತಾ ಹೋದಂತೆ ತಂಡ ಗೆಲ್ಲುತ್ತಾ ಹೋಗಿ, ನಮಗೆ ಎರಡನೇ ಬಹುಮಾನ ಬಂತು. "ಇನ್ ಮೇಲೆ ನಮ್ಮ ಮೂರನೆಯವರು ನೀವೇ ಭಾವ. ಇಷ್ಟು ಚಂದ ಸಾಯೂಕೆ ಶುಕ್ರಂಗೆ ಬತ್ತಿಲ್ಲ," ಎಂದ ಜಟ್ಟಿ.

ಆದ್ದರಿಂದ ಪ್ರಭುಗಳು ದಯಮಾಡಿ ಒಂದು ಅರವನ್ನು ಹಿಡಿದು ಕಾಯ್ಕಿಣಿಗೆ ಚಿತ್ತೈಸಿ, ನನ್ನ ಕಂಪ್ಯೂಟರಿನ ಗುಳಿಯನ್ನು ತಮ್ಮ ಪ್ರೊಸೆಸರಿನ ಅಳತೆಗೆ ಉಜ್ಜಿಕೊಡಬೇಕು. ಮತ್ತು ಮುಂದಿನ ಹೋಲಿಕೆಯಲ್ಲಿ ಕೆಂಪು, ನೀಲಿಗಳ ಪಕ್ಕದಲ್ಲಿ ಅರವತ್ತಮೂರು ವರ್ಷದ ಬೆರಳುಗಳಿಗೂ ಒಂದು ಗೀಟು ಎಳೆಯಬೇಕು, ಅದು ಎಷ್ಟೇ ಮೋಟಾಗಿದ್ದರೂ ಬೇಸರವಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದಿವಾಕರ ಮಂಜ ನಾಯ್ಕ

ವಿ.ಸೂ.: ಹೊಸ ತಲೆಮಾರಿನ ಪ್ರೊಸೆಸರು ಇನ್ನೂ ಚುರುಕಾಗಿದೆಯೆಂದು ಮೊನ್ನೆ ಸಾರಿದ್ದೀರಿ. ಆ ವಿಡಿಯೋವನ್ನು ಕೂಡಲೇ ಅಳಿಸಿಹಾಕಿ. ಶುಕ್ರ ಅದನ್ನು ಕೊಂಡು ನನಗಿಂತ ಬೇಗ ಸಾಯಲು ಕಲಿತರೆ ನನ್ನ ಜಾಗ ಹೋಗುತ್ತದೆ.