ನಿದ್ದೆ ಹೋದ ಪ್ರೊಸೆಸರ್

ಎಂಟು ಪ್ರೊಸೆಸರ್‌ಗಳಲ್ಲಿ ಒಂದು ನಿದ್ದೆ ಹೋಗಿತ್ತು. ಸ್ವಿಲೆನ್‌ನ ಗ್ರಹಚಾರ ಕೆಟ್ಟಿದ್ದು ಅಲ್ಲಿಂದ.

ಸೋಫಿಯಾ ನಗರದ ಕಚೇರಿಯೊಂದರಲ್ಲಿ ಅವನು ವರ್ಚುವಲ್ ಯಂತ್ರಗಳಿಗೆ, ಅಂದರೆ ನಿಜವಾದ ಕಂಪ್ಯೂಟರಿನ ಹೊಟ್ಟೆಯೊಳಗೆ ಬಾಡಿಗೆಗಿರುವ ಸುಳ್ಳು ಕಂಪ್ಯೂಟರ್‌ಗಳಿಗೆ, ಮೆಮೊರಿ ಹಂಚುವ ವ್ಯವಸ್ಥೆ ರೂಪಿಸುತ್ತಿದ್ದ. ಮೆಮೊರಿಯ ಒಂದು ಪುಟದ ಜಾಗ ಬದಲಿಸಿದರೆ ಎಲ್ಲ ಪ್ರೊಸೆಸರ್‌ಗಳಿಗೂ ಸುದ್ದಿ ಮುಟ್ಟಿಸಬೇಕು. ಪ್ರತಿಯೊಂದೂ ಹೂಂ ಅನ್ನುವವರೆಗೆ ಕೆಲಸ ಮುಂದೆ ಹೋಗುವಂತಿಲ್ಲ. ಮಲಗಿರುವುದು ಹೂಂ ಅನ್ನುತ್ತದೆಯೆ? ಉಳಿದ ಏಳೂ ಎಲೆಯ ಮುಂದೆ ಕೂತ ಬೀಗರಂತೆ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದವು.

ಸಂಜೆಯೊಳಗೆ ಇದು ಸರಿಯಾಗದಿದ್ದರೆ ನಾಳೆಯಿಂದ ರಜೆ ಇಲ್ಲ ಎಂದು ಮುಖ್ಯಸ್ಥೆ ತ್ಸ್ವೆತಾನಾ ಹೇಳಿಬಿಟ್ಟಿದ್ದಳು. ಸಮುದ್ರತೀರದ ಸೊಜೊಪೊಲ್‌ನಲ್ಲಿ ಕೋಣೆ ಗೊತ್ತುಮಾಡಿಯಾಗಿತ್ತು. ಹೆಂಡತಿ ಮಿಲ್ಕಾ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಹೋದ ಬೇಸಿಗೆಯ ರಜೆಯನ್ನೂ ಇದೇ ಕೆಲಸ ನುಂಗಿತ್ತು. ಈ ಸಲವೂ ತಪ್ಪಿದರೆ ಮನೆಗೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಸಹೋದ್ಯೋಗಿಗಳು ಮೂಗು ತೂರಿಸದೆ ಇರುತ್ತಾರೆಯೆ? ಕಲಿನ್ ಬನಿತ್ಸಾ ಎಂಬ ಚೀಸಿನ ತಿಂಡಿ ಕಡಿಯುತ್ತಾ ಬಂದು, ಮಲಗಿದ್ದನ್ನು ಪ್ರತಿ ಸಲವೂ ಎಬ್ಬಿಸು ಎಂದ. ಎಬ್ಬಿಸಿದರೆ ಯಂತ್ರ ಆಮೆಯಂತೆ ತೆವಳಿತು. ಕೀಬೋರ್ಡಿನ ತುಂಬಾ ಕಲಿನ್‌ನ ಚೀಸ್ ಉದುರಿತು. ಒಂದನ್ನು ಉಳಿಸಿಕೊಂಡು ಮಿಕ್ಕ ಏಳನ್ನೂ ಕಿತ್ತು ಹಾಕು ಎಂದಳು ಪೆಂಕಾ. ಆಮೇಲೆ ಯಾರ ಸಲಹೆ ಮೇಲು ಎಂದು ಅವರಿಬ್ಬರೂ ಅವನ ಕುರ್ಚಿಯ ಹಿಂದೆಯೇ ಜಗಳಕ್ಕೆ ನಿಂತರು.

ಸ್ವಿಲೆನ್‌ಗೆ ರೇಗಿಹೋಯಿತು. "ಮಲಗಿರೋನ ಒಪ್ಪಿಗೆ ಯಾಕ್ರೀ ಬೇಕು? ಒಂದು ಚೀಟಿ ಅಂಟಿಸಿ ಮುಂದಕ್ಕೆ ಹೋಗೋಣ. ಎದ್ದ ಮೇಲೆ ಓದ್ಕೊಳ್ಳಲಿ."

ಹೇಳಿದವನೇ ಬೆಪ್ಪಾದ. ಉತ್ತರ ಅದೇ ಆಗಿತ್ತು. ಮಲಗಿರುವ ಪ್ರೊಸೆಸರ್ ಯಾವ ಪುಟವನ್ನೂ ಮುಟ್ಟುವುದಿಲ್ಲವಲ್ಲ. ಎದ್ದ ಕೂಡಲೇ ಮೊದಲು ಚೀಟಿ ನೋಡಿದರೆ ಸಾಕು. ಗಡಿಬಿಡಿಯಿಂದ ಹಾಗೆಯೇ ಬರೆದು ಹಾಕಿದ. ಯಂತ್ರ ಎಲ್ಲೂ ನಿಲ್ಲದೆ ಓಡಿತು. ತ್ಸ್ವೆತಾನಾ ಬಂದು ನೋಡಿ, ಇಷ್ಟು ಸೊಗಸಾದ ವಿನ್ಯಾಸವನ್ನು ತಾನು ಕಂಡೇ ಇಲ್ಲ ಎಂದಳು.

ಸ್ವಿಲೆನ್‌ಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಮಿಲ್ಕಾಳ ಮುಖವನ್ನು ಇನ್ನು ಹೆದರದೆ ನೋಡಬಹುದು ಎಂದುಕೊಂಡ. ಆ ನೆಮ್ಮದಿಗೆ ಕಾಲು ಚಾಚಿ, ಕುರ್ಚಿಯಲ್ಲೇ ಹಾಯಾಗಿ ನಿದ್ದೆ ಹೋದ.

ಎದ್ದಾಗ ಹಣೆಗೆ ಏನೋ ಅಂಟಿಕೊಂಡಿತ್ತು. ಕಿತ್ತು ನೋಡಿದರೆ ತ್ಸ್ವೆತಾನಾಳ ಚೀಟಿ. ರಜೆ ರದ್ದಾಗಿತ್ತು, ಈ ವಿನ್ಯಾಸವನ್ನು ಗ್ರಾಹಕರ ಯಂತ್ರಗಳಲ್ಲಿ ಕೂರಿಸಲು ಅವನು ನಾಳೆಯೇ ಹೊರಡಬೇಕಿತ್ತು.

ತ್ಸ್ವೆತಾನಾಳ ಬಳಿಗೆ ಓಡಿ, ತನ್ನನ್ನೊಂದು ಮಾತು ಕೇಳಬಾರದಿತ್ತೆ ಎಂದು ಗೋಗರೆದ.

"ನೀವು ಮಲಗಿದ್ರಲ್ಲಪ್ಪಾ. ನಿಮ್ಮದೇ ವಿನ್ಯಾಸ," ಎಂದಳು ಆಕೆ. "ನಿಮ್ಮ ಮಿಲ್ಕಾ ಎಚ್ಚರವಾಗಿದ್ರು, ಅವರನ್ನ ಕೇಳಿದ್ವಿ. ತಕ್ಷಣ ಹೂಂ ಅಂದ್ರು. ಅವರಮ್ಮನ ಜೊತೆ ಆಗಲೇ ಸೊಜೊಪೊಲ್ ಬಸ್ಸು ಹತ್ತಿಯಾಯ್ತಂತೆ."