ಗುಂಡುಕಲ್ಲಿನ ವಯಸ್ಸು

ಆರು ಸಾವಿರ ವರ್ಷಕ್ಕಿಂತ ಹಳೆಯದಾದ ಯಾವ ವಿಷಯವನ್ನೂ ಬೀಗರ ಮುಂದೆ ಎತ್ತಕೂಡದು ಎಂದು ನನ್ನ ಹೆಂಡತಿ ಪುಟ್ಟತಾಯಮ್ಮ ನನಗೆ ಕಟ್ಟಪ್ಪಣೆ ಮಾಡಿದ್ದಳು. ಲೋಕದಲ್ಲಿ ಗಂಡಂದಿರಿಗೆ ನಾನಾ ಬಗೆಯ ನಿರ್ಬಂಧಗಳುಂಟು. ಬಜ್ಜಿ ತಿನ್ನಬಾರದು, ನಶ್ಯ ಏರಿಸಬಾರದು, ಪಕ್ಕದ ಮನೆಯ ಜಗಳಕ್ಕೆ ಪಂಚಾಯಿತಿ ಮಾಡಲು ಹೋಗಬಾರದು. ಇವನ್ನೆಲ್ಲ ನಾನೂ ಐವತ್ತು ವರ್ಷದಿಂದ ಪಾಲಿಸಿಕೊಂಡು (ಅಂದರೆ ಮುರಿದು, ಸಿಕ್ಕಿಬಿದ್ದು, ಬೈಸಿಕೊಂಡು) ಬಂದಿದ್ದೇನೆ. ಆದರೆ ಕಾಲಕ್ಕೇ ಬೇಲಿ ಹಾಕಿಸಿಕೊಂಡ ಗಂಡ ಮೈಸೂರು ಪಕ್ಕದ ನಮ್ಮ ಇಡೀ ಹಿನಕಲ್ಲಿನಲ್ಲಿ ನಾನೊಬ್ಬನೇ ಇರಬೇಕು.

“ಆರು ಸಾವಿರದ ಹತ್ತು ವರ್ಷದ ವಿಷಯ ಆದ್ರೆ?” ಎಂದು ಕೇಳಿದೆ.

“ನಿಮ್ಮ ಬಾಯಿಗೆ ಮುದ್ದೆ ತುರುಕ್ತೀನಿ ನೋಡಿ,” ಅಂದಳು.

ಈ ಬೇಲಿಯ ಕಾರಣಪುರುಷರು ನಮ್ಮ ಬೀಗರು, ಬನ್ನಿಮಂಟಪದ ವಿಜಯ್‌ಕುಮಾರ್. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಕುರ್ಚಿಯಲ್ಲಿ ಕೂತಾಗಲೂ ಅಟೆನ್ಷನ್ನಿನಲ್ಲೇ ಕೂರುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಂದು ಸಣ್ಣ ಕ್ರೈಸ್ತ ಪ್ರಾರ್ಥನಾ ಸಭೆಗೆ ಸೇರಿದ್ದರು. ಆ ಸಭೆಯವರ ಪ್ರಕಾರ ದೇವರು ಆರು ದಿನದಲ್ಲಿ ಭೂಮಿ, ಆಕಾಶ, ಆನೆ, ಇರುವೆ ಎಲ್ಲವನ್ನೂ ಮಾಡಿ ಮುಗಿಸಿದ್ದು ಸುಮಾರು ಆರು ಸಾವಿರ ವರ್ಷದ ಹಿಂದೆ. ಅದಕ್ಕಿಂತ ಹಿಂದೆ ಏನೂ ಇರಲಿಲ್ಲ. ಮೈಸೂರೂ ಇರಲಿಲ್ಲ.

ನನ್ನ ಮೊಮ್ಮಗಳು ಅನು ಈ ಬೀಗರ ಮಗ ರಾಹುಲನನ್ನು ಮೆಚ್ಚಿ ರಿಜಿಸ್ಟರ್ ಮದುವೆಯಾದಳು. ಆಮೇಲೆ ಒಂದು ವರ್ಷ ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡುವ ಹಾಗೆ ಮಾಡಿದ್ದು ಮರಿಮಗಳು. ಏಳು ತಿಂಗಳಿಗೇ ಅವಸರ ಮಾಡಿಕೊಂಡು ಹುಟ್ಟಿಬಿಟ್ಟಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಒಂದು ಹಿಡಿ ಜೀವ. ಹೊರಗೆ ಸ್ಟೀಲ್ ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಮಾತಿಲ್ಲದೆ ಕೂರುವ ಅಭ್ಯಾಸ ನನಗೆ ಹುಟ್ಟಿದಾಗಿನಿಂದಲೂ ಇಲ್ಲ. ಕಿಟಕಿಯಲ್ಲಿ ದೂರಕ್ಕೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು.

“ಆ ಬೆಟ್ಟದ ಕಲ್ಲಿಗೆ ಎಂಬತ್ತು ಕೋಟಿ ವರ್ಷ ವಯಸ್ಸಂತೆ ಬೀಗ್ರೇ,” ಅಂದೆ. ಎಲ್ಲೋ ಓದಿದ್ದೆ.

“ಆರು ಸಾವಿರ,” ಅಂದರು.

“ಎಂಬತ್ತು ಕೋಟಿ.”

“ಆರು ಸಾವಿರ. ಆದಾಮನಿಂದ ಹಿಡಿದು ಒಬ್ಬೊಬ್ಬರ ವಯಸ್ಸೂ ಬರೆದಿದೆ. ಕೂಡಿಸಿಕೊಂಡು ಬನ್ನಿ, ಸಿಗುತ್ತೆ. ಆ ಬಂಡೆಗಳೆಲ್ಲ ಹಾಗೆ ಒಂದರ ಮೇಲೊಂದು ಬಿದ್ದಿರೋದು ಜಲಪ್ರಳಯದಲ್ಲಿ.”

“ಅಲ್ಲ ಬೀಗ್ರೇ, ನಮ್ಮ ಪುರೋಹಿತರು ಒಂದು ಸತ್ಯನಾರಾಯಣ ಪೂಜೆ ಮಾಡಿಸುವಾಗಲೇ ಕಲ್ಪ, ಮನ್ವಂತರ ಅಂತ ಕೋಟಿಗಟ್ಟಲೆ ವರ್ಷ ಮಂತ್ರಾಕ್ಷತೆ ಎಸೆದ ಹಾಗೆ ಎಸೀತಾರೆ. ನಿಮ್ಮದೇನು ಇಷ್ಟು ಕೈ ಬಿಗಿ?”

ಅವರು ನಗಲಿಲ್ಲ. ನಾನು ಬಿಡಲಿಲ್ಲ. ಇಬ್ಬರ ದನಿಯೂ ಬೆಟ್ಟ ಹತ್ತಲು ಶುರುಮಾಡಿತು. ಒಳಗಿನಿಂದ ಅನು ಗೋಡೆ ಹಿಡಿದುಕೊಂಡು ಬಂದಳು.

“ತಾತ, ಮಾವ, ನಿಮಗೆ ಕೈ ಮುಗೀತೀನಿ. ನನ್ನ ಮಗೂಗೇ ಡಾಕ್ಟ್ರು ಎರಡು ವಯಸ್ಸು ಹೇಳ್ತಿದ್ದಾರೆ. ಹುಟ್ಟಿದ ದಿನದಿಂದ ಒಂದು, ಹುಟ್ಟಬೇಕಾಗಿದ್ದ ದಿನದಿಂದ ಒಂದು. ಮೊದಲು ಅದು ಬದುಕ್ಲಿ. ಬೆಟ್ಟದ್ದು ಆಮೇಲೆ ನೋಡ್ಕೊಳ್ಳಿ.”

ನಾವಿಬ್ಬರೂ ಹೋಂವರ್ಕ್ ಮಾಡದ ಹುಡುಗರ ಹಾಗೆ ಕೂತೆವು. ಪುಟ್ಟತಾಯಮ್ಮನ ಆರು ಸಾವಿರದ ಕಟ್ಟಪ್ಪಣೆ ಹೊರಬಿದ್ದದ್ದು ಆವತ್ತೇ. ಅವಳು ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಮಗು ಉಳಿದರೆ ನಮ್ಮ ಮನೆಯ ಪದ್ಧತಿಯ ಹಾಗೆ, ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ಆಮೇಲೆ ಮಗುವನ್ನು ಮಲಗಿಸಿ ಹೆಸರಿಡುತ್ತೇನೆ ಅಂತ ಹರಕೆ ಕಟ್ಟಿಕೊಂಡಿದ್ದಳು. ಗುಂಡುಕಲ್ಲು ಎಂದರೆ ಒರಳಲ್ಲಿ ರುಬ್ಬುವ ಗುಂಡು. ಕಲ್ಲಿನ ಹಾಗೆ ಮಗು ಗಟ್ಟಿಯಾಗಲಿ, ಕಲ್ಲಿನಷ್ಟು ಆಯುಸ್ಸು ಬರಲಿ ಅಂತ.

ಅದಾದ ಮೇಲೆ ಒಂದು ದಿನ ಸಂಜೆ ಒಳಗೆ ಯಾವುದೋ ಯಂತ್ರ ಕೂಗಿಕೊಂಡಿತು. ನರ್ಸುಗಳು ಓಡಿದರು. ಬಾಗಿಲು ಮುಚ್ಚಿತು. ವಿಜಯ್‌ಕುಮಾರ್ ತೊಡೆಯ ಮೇಲೆ ಬೈಬಲ್ಲು ಇಟ್ಟುಕೊಂಡಿದ್ದರು, ತೆರೆಯಲಿಲ್ಲ. ಅಟೆನ್ಷನ್ನಿನಲ್ಲಿ ಕೂತಿದ್ದ ಮನುಷ್ಯ ಬಾಗಿಹೋಗಿದ್ದರು. ನನಗೆ ಆ ಮೌನ ತಡೆಯಲು ಆಗಲಿಲ್ಲ. ಭಯವಾದಾಗ ಕೆಲವರು ದೇವರ ಹೆಸರು ಹೇಳುತ್ತಾರೆ. ನಾನು ಬುರುಡೆ ಬಿಡುತ್ತೇನೆ.

“ನಮ್ಮನೆ ಗುಂಡುಕಲ್ಲಿನ ಕಥೆ ಗೊತ್ತಾ ಬೀಗ್ರೇ? ನಮ್ಮ ಮುತ್ತಜ್ಜನ ಅಪ್ಪನ ಕಾಲಕ್ಕೆ ಚಾಮುಂಡಿ ಬೆಟ್ಟ ಇನ್ನೂ ಆರಿರ್ಲಿಲ್ಲ. ಆಗ ತಾನೆ ಒಲೆಯಿಂದ ಇಳಿಸಿದ ಮುದ್ದೆ ಹಂಗೆ ಹೊಗೆಯಾಡ್ತಿತ್ತು. ಆ ಮಾರಾಯ ಕೈ ಒದ್ದೆ ಮಾಡ್ಕಂಡು ಹೋಗಿ, ಬೆಟ್ಟದ ಅಂಚಲ್ಲಿ ಒಂದು ತುತ್ತು ಮುರ್ಕಂಡು, ಉಫ್ ಉಫ್ ಅಂತ ಊದ್ಕಂಡು, ಉಂಡೆ ಕಟ್ಕಂಡು ಬಂದ. ಅದೇ ನಮ್ಮ ಗುಂಡುಕಲ್ಲು. ಅವನ ಬೆರಳಿನ ಗುರುತು ಈಗಲೂ ಅದರ ಮೇಲೆ ಅದೆ.”

ಅವರು ತಲೆ ಎತ್ತದೆಯೇ ಕೇಳಿದರು: “ಎಷ್ಟು ವರ್ಷ ಆಗಿರಬಹುದು?”

“ಇನ್ನೂರು ಅಂತ ಇಟ್ಕೊಳ್ಳಿ.”

ಬಾಗಿಲು ತೆರೆಯಿತು. ನರ್ಸಮ್ಮ ಬಂದು, “ಉಸಿರಾಡ್ತಾ ಇದ್ದಾಳೆ, ಏನೂ ತೊಂದರೆ ಇಲ್ಲ,” ಅಂದಳು. ನಾನೂ ಅವರೂ ಉಸಿರು ಬಿಟ್ಟೆವು. ಕಥೆಯನ್ನು ನಾನು ಅಲ್ಲೇ ಮರೆತೆ.

ಮಗು ಮನೆಗೆ ಬಂತು. ಹೆಸರಿಡುವ ಮಾತು ಬಂತು. ರಾಹುಲ್ ತಲೆ ಕೆರೆದುಕೊಂಡ: “ತಾತ, ಕಲ್ಲಿಗೆ ಪೂಜೆ ಅಂದ್ರೆ ಅಪ್ಪ ಬರಲ್ಲ. ಅವರ ಸಭೇಲಿ ಅದು ಆಗಲ್ಲ.”

ಅನು ಖಡಾಖಂಡಿತವಾಗಿ ಹೇಳಿಬಿಟ್ಟಳು: “ಅಜ್ಜಿ ಹರಕೆನೂ ತೀರಬೇಕು, ಮಾವನೂ ಇರಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ನನ್ನ ಮಗೂಗೆ ಹೆಸರಿಡೋದೇ ಬೇಡ. ಮತ್ತೆ ಒಂದು ವರ್ಷ ಮುಖ ತಿರುಗಿಸ್ಕೊಂಡು ಓಡಾಡೋರ ಮಧ್ಯೆ ಅದನ್ನ ಬೆಳೆಸಲಾರೆ.”

ಹರಕೆ ಬಿಡು ಅಂತ ಪುಟ್ಟತಾಯಮ್ಮನಿಗೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಹಾಗಾಗಿ ಬೀಗರನ್ನು ಒಪ್ಪಿಸಲು ನಾನೇ ಬನ್ನಿಮಂಟಪಕ್ಕೆ ಹೋದೆ. ಅವರು ಟೀ ಕೊಟ್ಟು, ಶಾಂತವಾಗಿ ಹೇಳಿದರು:

“ಕಲ್ಲಿಗೆ ಕೈ ಮುಗಿಯೋದು ನನ್ನಿಂದ ಆಗಲ್ಲ ಬೀಗ್ರೇ. ಆದ್ರೆ ಅದು ನೀವು ಹೇಳಿದ ಬೆರಳಿನ ಗುರುತಿನ ಕಲ್ಲೇ ತಾನೆ? ಸಭೆಯ ಹಿರಿಯರಿಗೆ ಹೇಳಿದೆ. ಬೆಟ್ಟ ಹೊಸದು ಅನ್ನೋದಕ್ಕೆ ಅದೇ ಸಾಕ್ಷಿಯಂತೆ, ಅವರಿಗೆ ನೋಡಬೇಕಂತೆ. ಹೆಸರಿಡೋ ದಿನವೇ ಕರ್ಕೊಂಡು ಬರ್ತೀನಿ. ನೋಡಿ ಅವರು ಸರಿ ಅಂದ್ರೆ ನನ್ನದೇನೂ ಅಡ್ಡಿ ಇಲ್ಲ.”

ಟೀ ನನ್ನ ಗಂಟಲಲ್ಲೇ ಅಟೆನ್ಷನ್ನಿಗೆ ನಿಂತಿತು. ನನ್ನ ಪರಿಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಎಂಬತ್ತು ಕೋಟಿ ವರ್ಷಗಳ ಪರವಾಗಿ ವಾದಿಸುತ್ತಿದ್ದ ವಕೀಲ ಎದುರು ಪಕ್ಷದ ಸಾಕ್ಷಿಯಾಗಿ ಕಟಕಟೆ ಹತ್ತಬೇಕು! ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಎದುರು ಪಕ್ಷ ಕೇಳಿದ್ದು ಆರು ಸಾವಿರ. ನಾನು ಕೊಟ್ಟದ್ದು ಇನ್ನೂರು. ಬುರುಡೆ ಎಂದು ಒಪ್ಪಿಕೊಂಡರೆ ಹಿರಿಯರು ವಾಪಸ್ಸು, ಬೀಗರು ವಾಪಸ್ಸು, ಹೆಸರು ವಾಪಸ್ಸು. ಒಪ್ಪಿಕೊಳ್ಳದಿದ್ದರೆ ಮಗುವಿನ ಮುಂದೆ ನಿಂತು ಸುಳ್ಳು ಸಾಕ್ಷಿ. ಎರಡನ್ನೂ ತೂಗಿ ನೋಡಿ, ಸುಳ್ಳೇ ಹಗುರ ಅಂತ ತೀರ್ಮಾನಿಸಿದೆ. ಕಲ್ಲಿನ ಮೇಲೆ ಗುಳಿಗಳಂತೂ ಇದ್ದವು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಹೆಬ್ಬೆರಳಿನಷ್ಟು ಒಂದು. ಅವು ಎಲ್ಲಿಂದ ಬಂದವು ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ಆ ದಿನ ಬಂತು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿತ್ತು. ಬೀಗರ ಜೊತೆ ಆ ಹಿರಿಯರು ಬಂದರು. ಬಿಳಿ ಶರಟು, ದಪ್ಪ ಕನ್ನಡಕ, ನನಗಿಂತ ವಯಸ್ಸಾದವರು. ಪುಟ್ಟತಾಯಮ್ಮ ತೊಳೆದ ಗುಂಡುಕಲ್ಲನ್ನು ಮಣೆಯ ಮೇಲೆ ತಂದಿಟ್ಟಳು. ಹಿರಿಯರು ನೆಲದ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಗುಳಿಗಳನ್ನು ಒಂದೊಂದಾಗಿ ಸವರಿ ನೋಡಿದರು.

“ಬೆರಳಿನ ಗುರುತೇ,” ಅಂದರು. “ನಿಮ್ಮ ಪೂರ್ವಿಕರದ್ದು ಅಂತ ಹೇಳಿದ್ರಂತೆ. ಎಲ್ಲಿ, ನಿಮ್ಮ ಕೈ ಇಟ್ಟು ತೋರಿಸಿ.”

ನಾನು ಗಂಭೀರವಾಗಿ ಮುಂದೆ ಬಂದು ಕೈ ಇಟ್ಟೆ. ಬೆರಳು ಹೋಗಲಿಲ್ಲ. ನನ್ನವು ಬಾಳೆಕಾಯಿ ಬೆರಳು, ಗುಳಿಗಳೋ ಬೆಂಡೆಕಾಯಿ ಅಳತೆ. ಅಮುಕಿದೆ. ಎಡಗೈಯಲ್ಲಿ ನೋಡಿದೆ. ಕಲ್ಲನ್ನೇ ತಿರುಗಿಸಿ ನೋಡಿದೆ.

“ಆಗ ಕಲ್ಲು ಬಿಸಿ ಇತ್ತಲ್ಲ ಸ್ವಾಮಿ,” ಅಂದೆ, “ಆರ್ತಾ ಆರ್ತಾ ಕುಗ್ಗಿಬಿಡ್ತು.”

ಹಿರಿಯರು ನನ್ನನ್ನೇ ನೋಡಿದರು. ಅನು ತುಟಿ ಕಚ್ಚಿಕೊಂಡು ತೊಟ್ಟಿಲ ಹಗ್ಗ ಹಿಡಿದಳು. ವಿಜಯ್‌ಕುಮಾರ್ ಸೂರು ನೋಡುತ್ತಿದ್ದರು. ಮುಗಿಯಿತು ಅಂದುಕೊಂಡೆ. ಮಗು ಹೆಸರಿಲ್ಲದೆ ಬೆಳೆಯುತ್ತದೆ, ನನ್ನ ನಾಲಿಗೆಯಿಂದ.

“ಒಸಿ ಅತ್ಲಾಗ್ ಸರೀರಿ,” ಅಂದಳು ಪುಟ್ಟತಾಯಮ್ಮ. ಕಂಕುಳಲ್ಲಿದ್ದ ಮಗುವನ್ನು ಸೀದಾ ಬೀಗರ ತೊಡೆಯ ಮೇಲೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಕೂತು, ಕಲ್ಲಿನ ಮೇಲೆ ಕೈಯಿಟ್ಟಳು. ಐದು ಬೆರಳೂ ಅವುಗಳ ಮನೆಗೆ ತಾವೇ ಹೋಗಿ ಸೇರಿಕೊಂಡವು. ಇಟ್ಟ ಕೈ ಸುಮ್ಮನಿರದೆ ಕಲ್ಲನ್ನು ಒಂದು ಸುತ್ತು ತಿರುಗಿಸಿತು.

“ಈ ಮನೇಲಿ ಯಾವ ಗಂಡ್ಸು ಗುಂಡ್‌ಕಲ್ಲು ಮುಟ್ಟವ್ನೆ ಹೇಳಿ ಸ್ವಾಮಿ? ನಮ್ಮತ್ತೆ ರುಬ್ತಿದ್ರು. ಅವರಾದ್ಮೇಲೆ ನಾನು ರುಬ್ಬಿದೆ. ಸೊಸೆ ಬಂದ್ಮೇಲೆ ಮಿಕ್ಸಿ ಬಂತು. ಹಿಡಿದೂ ಹಿಡಿದೂ ನಮ್ಮ ಕೈಯೂ ಸವೀತು, ಕಲ್ಲೂ ಸವೀತು. ಅಷ್ಟೆಯ. ಮುತ್ತಜ್ಜನೂ ಇಲ್ಲ, ಬಿಸಿ ಮುದ್ದೆನೂ ಇಲ್ಲ. ಇವರ ಮಾತ ಕಟ್ಕಂಡು ಅಷ್ಟು ದೂರದಿಂದ ಬಂದ್ಬುಟ್ರಾ?”

ಐವತ್ತು ವರ್ಷ ಆ ಕೈಯ ಚಟ್ನಿ ತಿಂದಿದ್ದೇನೆ. ಗುಳಿ ನೋಡಿದ್ದೆ, ಕೈ ನೋಡಿರಲಿಲ್ಲ. (ಈ ವಾಕ್ಯವನ್ನು ಅವಳಿಗೆ ಯಾರೂ ಓದಿ ಹೇಳಕೂಡದು.)

ಹಿರಿಯರು ಮೆಲ್ಲಗೆ ಕೇಳಿದರು: “ಮತ್ತೆ ಇದನ್ನ ತೊಟ್ಟಿಲಲ್ಲಿ ಯಾಕಮ್ಮ ಮಲಗಿಸೋದು?”

“ತೊಟ್ಟಿಲು ತಡೀತದಾ ಅಂತ ನೋಡಕ್ಕೆ. ಕಲ್ಲನ್ನ ತಡೆದದ್ದು ಕೂಸನ್ನ ತಡೀದಾ? ಕಲ್ಲಂಗೆ ಗಟ್ಟಿಗಿರು ಅಂತ ಬಾಯಲ್ಲಿ ಒಂದು ಮಾತು ಅಂತೀವಿ. ಹುಟ್ಟಿದಾಗ ನಮ್ಮ ಕೂಸು ಈ ಕಲ್ಲಲ್ಲಿ ಕಾಲು ಭಾಗನೂ ಇರ್ಲಿಲ್ಲ ಸ್ವಾಮಿ.” ಅವಳು ಕಲ್ಲಿನ ಮೇಲೆ ಉಳಿದಿದ್ದ ನೀರನ್ನು ಸೆರಗಿನಿಂದ ಒರೆಸಿದಳು.

“ಅರಿಶಿನ, ಕುಂಕುಮ?” ಅಂದರು ಹಿರಿಯರು.

“ಮಲಗಿಸ್ತೀನಿ ಅಂತ ಹರಕೆ ಹೊತ್ತಿದ್ದು. ಬಳೀತೀನಿ ಅಂತಲ್ಲ.”

ಹಿರಿಯರು ಕನ್ನಡಕ ತೆಗೆದು ಶರಟಿನ ತುದಿಯಲ್ಲಿ ಒರೆಸಿದರು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. “ನಮ್ಮಮ್ಮನ ಹತ್ರಾನೂ ಇಂಥದೇ ಒಂದಿತ್ತು,” ಅಂದರು. “ಇದು ಪೂಜೆ ಕಲ್ಲಲ್ಲ, ಅಡುಗೆಮನೆ ಕಲ್ಲು. ಮಲಗಿಸಮ್ಮ.”

ಕಲ್ಲು ಮಲಗಿತು. ತೊಟ್ಟಿಲು ತಡೆಯಿತು. ವಿಜಯ್‌ಕುಮಾರ್ ತಾವೇ ಎದ್ದು ಹಗ್ಗ ಜಗ್ಗಿ ಪರೀಕ್ಷೆ ಮಾಡಿದರು. ಆಮೇಲೆ ಮಗು ಮಲಗಿತು. ಹಿರಿಯರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು, ಪುಟ್ಟತಾಯಮ್ಮ ಕಣ್ಣು ಮುಚ್ಚಿ ಮಾದೇಶ್ವರನನ್ನು ನೆನೆದಳು, ಅನು ಮೂರು ಸಲ ‘ನಯನಾ’ ಎಂದು ಮಗುವಿನ ಕಿವಿಯಲ್ಲಿ ಹೇಳಿದಳು. ಬೀಗರು ತೊಟ್ಟಿಲು ತೂಗುತ್ತಾ ಮೆಲ್ಲಗೆ, “ಲೆಫ್ಟ್, ರೈಟ್, ಲೆಫ್ಟ್, ರೈಟ್,” ಅನ್ನುತ್ತಿದ್ದರು. ಬೇರೆ ಜೋಗುಳ ಅವರಿಗೆ ಬರುವುದಿಲ್ಲ.

ಊಟಕ್ಕೆ ಬೀಗರು ನನ್ನ ಪಕ್ಕದಲ್ಲೇ ಕೂತರು. ನಾನು ಪಾಯಸ ಕಲಕುತ್ತಾ ಕೇಳಿದೆ: “ಆ ಕಥೆ ನೀವು ನಿಜವಾಗ್ಲೂ ನಂಬಿದ್ರಾ ಬೀಗ್ರೇ?”

“ಮೂವತ್ತು ವರ್ಷ ಡ್ರಿಲ್ ಮೇಷ್ಟ್ರು. ‘ಸಾ, ಕಾಲು ಉಳುಕಿದೆ ಸಾ’ ಅಂತ ಬರೋ ಮುಖಗಳನ್ನ ಎಷ್ಟು ನೋಡಿಲ್ಲ?”

“ಮತ್ತೆ ಹಿರಿಯರಿಗೆ ಹೇಳಿದ್ದು?”

“‘ನಮ್ಮ ಬೀಗರು ಹೀಗೆ ಹೇಳ್ತಾರೆ’ ಅಂದೆ. ಹೇಳಿದ್ದು ನಿಜ ತಾನೆ? ಸುಮ್ಮನೆ ಕರೆದಿದ್ರೆ ಅವರು ಬರ್ತಿರಲಿಲ್ಲ.” ಎಲೆ ನೋಡಿಕೊಂಡೇ ಸಣ್ಣ ದನಿಯಲ್ಲಿ ಅಂದರು: “ಆವತ್ತು ಆ ಬೆಂಚಿನ ಮೇಲೆ ನನಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ ಬೀಗ್ರೇ. ನಿಮ್ಮ ಮುದ್ದೆ ಕಥೆ ಕೇಳ್ಕೊಂಡು ಕೂತಿದ್ದೆ.” ಮರುಕ್ಷಣ ಬೆನ್ನು ನೆಟ್ಟಗಾಯಿತು. “ಆದ್ರೆ ಭೂಮಿಗೆ ಆರು ಸಾವಿರವೇ.”

“ಎಂಬತ್ತು—”

“ರೀ!” ಎಂದು ಅಡುಗೆಮನೆಯಿಂದ ಕೂಗು ಬಂತು. “ಇನ್ಮೇಲೆ ನಮ್ಮ ಮದ್ವೆಗಿಂತ ಹಳೇ ವಿಚಾರ ಒಂದೂ ಎತ್ತಂಗಿಲ್ಲ ನೀವು. ಮುಂದಿನ ಭಾನುವಾರ ಬೀಗರು ಊಟಕ್ಕೆ ಬತ್ತಾರೆ. ಒರಳಲ್ಲಿ ಚಟ್ನಿ ಆಗ್ಬೇಕು. ರುಬ್ಬೋರು ನೀವೇಯ.”

ಆರು ಸಾವಿರ ವರ್ಷ ಎಷ್ಟು ವಿಶಾಲವಾಗಿತ್ತು ಅಂತ ನನಗೆ ಆಗ ಗೊತ್ತಾಯಿತು.

ಭಾನುವಾರ ಹಿತ್ತಲಲ್ಲಿ ಒರಳಿನ ಮುಂದೆ ಕೂತೆ. ಎದುರಿಗೆ ಕುರ್ಚಿ ಹಾಕಿಸಿಕೊಂಡು, ನಯನಾಳನ್ನು ಎದೆಗೊರಗಿಸಿಕೊಂಡು ಬೀಗರು ಕೂತರು. ತೆಂಗಿನಕಾಯಿ ನನ್ನ ಮಾತು ಕೇಳುತ್ತಿರಲಿಲ್ಲ, ಗುಂಡು ಒಂದು ಕಡೆಗೆ ಹೋದರೆ ಹುಣಸೇಹಣ್ಣು ಇನ್ನೊಂದು ಕಡೆಗೆ ಹೋಗುತ್ತಿತ್ತು. ಬೆವರು ಒರೆಸಿಕೊಂಡು ಕೇಳಿದೆ:

“ನನ್ನ ಬೆರಳಿನ ಗುರುತೂ ಇದರ ಮೇಲೆ ಬೀಳ್ತದಾ ಬೀಗ್ರೇ?”

ಆ ಸತ್ಯಸಂಧರು ಕಲ್ಲು ನೋಡಿದರು, ನನ್ನ ಕೈ ನೋಡಿದರು, ನಾನು ಸುತ್ತುವ ಗತಿ ನೋಡಿದರು. ಒಂಚೂರೂ ನಗದೆ ಅಂದರು:

“ಬೀಳುತ್ತೆ. ಆದ್ರೆ ಈ ಸ್ಪೀಡಿಗೆ ಎಂಬತ್ತು ಕೋಟಿ ವರ್ಷ ಬೇಕು.”